ರೋಗಿಗೂ ವೈದ್ಯನಿಗೂ ನಡುವಣ ದೂರ



ನಮ್ಮ ಸೀಮೆಯ ಅನೇಕ ಹಳ್ಳಿಗಳಿಗೆ ತಿಂಗಳಿಗೊಂದಾವರ್ತಿ ನೇಮಿಸಿದ ದಿನದಲ್ಲಿ ಔಷಧದ ಗಾಡಿಯು ಬರುವದನ್ನು ನೀವು ಬಲ್ಲಿರಿ. ಅದರಲ್ಲಿ ಒಬ್ಬ ವೈದ್ಯರೂ ಒಬ್ಬ ದಾದಿಯೂ ಔಷಧಗಳನ್ನು ಕೊಡುವವರೊಬ್ಬರೂ ಇರುತ್ತಾರೆ. ರಕ್ತದ ಒತ್ತಡವನ್ನು ಅಳೆಯುವ ಯಂತ್ರ, ರಕ್ತವನ್ನೂ ಮೂತ್ರವನ್ನೂ ಪರೀಕ್ಷಿಸುವ ಸಾಮಾನು, ಗುಳಿಗೆಗಳ ಪೆಟ್ಟಿಗೆ, ಹೆಸರು ಬರೆದಿಡುವ ಪುಸ್ತಕ, ಇವೆಲ್ಲವೂ ಆ ಚಿಕ್ಕ ಸ್ಥಳದಲ್ಲಿ ಅಡಕವಾಗಿರುತ್ತವೆ. ಗಾಡಿಯು ಶಾಲೆಯ ಮುಂದಾಗಲಿ ಅರಳೀಕಟ್ಟೆಯ ಬಳಿಯಲ್ಲಾಗಲಿ ದೇವಾಲಯದ ಅಂಗಳದಲ್ಲಾಗಲಿ ನಾಲ್ಕು ತಾಸು ನಿಂತು, ಬಂದವರನ್ನು ನೋಡಿ, ಸಾಯಂಕಾಲಕ್ಕೆ ಮುಂಚೆ ಮುಂದಿನ ಊರಿಗೆ ಹೊರಟುಹೋಗುತ್ತದೆ. ಇದಕ್ಕೆ ಸಂಚಾರಿ ವೈದ್ಯಶಾಲೆ ಎಂದು ಹೆಸರು.

ಇದು ಒಳ್ಳೇ ಕಾರ್ಯವೆಂಬದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಇದರೊಳಗೆ ಒಂದು ಪ್ರಶ್ನೆಯು ಅಡಗಿಕೊಂಡಿದೆ. ರೋಗಿಯು ಒಂದು ಕಡೆಯಲ್ಲಿಯೂ ಔಷಧವು ಇನ್ನೊಂದು ಕಡೆಯಲ್ಲಿಯೂ ಇರಲಾಗಿ, ನಡುವಣ ದೂರವನ್ನು ನಡೆಯತಕ್ಕವನು ಯಾರು? ವೈದ್ಯನು ರೋಗಿಯ ಬಳಿಗೆ ಬರುವದು ಭಿಕ್ಷವೋ, ಋಣವೋ? ಭಿಕ್ಷವಾದರೆ ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಂಡು ಸುಮ್ಮನಿರತಕ್ಕದ್ದು. ಗಾಡಿಯು ಬಾರದೆ ಹೋದ ತಿಂಗಳಲ್ಲಿ ಯಾಕೆ ಬರಲಿಲ್ಲವೆಂದು ಕೇಳುವದಕ್ಕೆ ನಮಗೆ ಬಾಯಿಲ್ಲ. ಋಣವಾದರೆ ಕೊಡುವವನು ದಿನ ತಪ್ಪಬಾರದು, ತೆಗೆದುಕೊಳ್ಳುವವನು ತಲೆ ತಗ್ಗಿಸಬೇಕಾಗಿಲ್ಲ.

ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಸಭೆಯ ಒಬ್ಬ ಬಡ ವಿಧವೆಯು ನಮಗೆ ಕಲಿಸಿದಳು. ಅದು ನಮಗೆ ಗೌರವವನ್ನು ತರುವ ಸಂಗತಿಯಲ್ಲವಾದರೂ ವಾಚಕರ ಪ್ರಯೋಜನಕ್ಕೋಸ್ಕರ ಬರೆಯುತ್ತೇವೆ.

ಕೆಲವು ವರುಷಗಳ ಕೆಳಗೆ ನಾವಿರುವ ಹಳ್ಳಿಗೆ ಇಂಥ ಗಾಡಿಯು ತಿಂಗಳಿನ ಎರಡನೆಯ ಮಂಗಳವಾರದಲ್ಲಿ ಬರಲಾರಂಭಿಸಿತು. ದೇವಾಲಯದ ಅಂಗಳದ ಹೊಂಗೆಯ ನೆರಳಿನಲ್ಲಿ ಅದು ನಿಲ್ಲುತ್ತಿತ್ತು. ನಾವು ಗಂಟೆ ಬಾರಿಸಿ ಜನರನ್ನು ಕರೆದು, ಸಾಲಾಗಿ ಕೂಡ್ರಿಸಿ, ಹೆಸರುಗಳನ್ನು ಬರೆದುಕೊಡುತ್ತಿದ್ದೆವು. ಮೊದಲನೆಯ ದಿನದಲ್ಲಿಯೇ ಅರವತ್ತಕ್ಕಿಂತ ಹೆಚ್ಚು ಮಂದಿ ಬಂದದ್ದನ್ನು ನೋಡಿ ನಾವು ಬಹಳವಾಗಿ ಸಂತೋಷಪಟ್ಟೆವು. ಆದರೆ ಕೆಳಗಣ ಕೇರಿಯಲ್ಲಿ ಕೂಲಿಯಿಂದ ಜೀವಿಸುವ ಒಬ್ಬ ವಿಧವೆಯು ಎರಡು ತಿಂಗಳಿಂದ ಕೆಮ್ಮುತ್ತಿದ್ದಳು. ರಾತ್ರಿಯಲ್ಲಿ ಆಕೆಯ ಕೆಮ್ಮು ನೆರೆಯ ನಾಲ್ಕು ಮನೆಗಳವರ ನಿದ್ರೆಯನ್ನು ಕೆಡಿಸುತ್ತಿತ್ತು. ಗಾಡಿಯು ಮೂರು ಸಾರಿ ಬಂದರೂ ಆಕೆಯು ಒಂದು ಸಾರಿಯಾದರೂ ಬರಲಿಲ್ಲ.

ಮೂರನೆಯ ಮಂಗಳವಾರದ ಸಾಯಂಕಾಲದಲ್ಲಿ ನಾವು ಆಕೆಯ ಗುಡಿಸಲಿಗೆ ಹೋಗಿ, "ಅಮ್ಮಾ, ವೈದ್ಯರು ಬಾಗಿಲಿಗೆ ಬಂದರೂ ನೀನು ಬರಲೊಲ್ಲೆ. ಇನ್ನು ತಪ್ಪು ಯಾರದು?" ಎಂದು ಗದರಿಸಿದೆವು. ಆಕೆಯು ಒಲೆಯನ್ನು ಊದುತ್ತಾ ಇದ್ದವಳು ಸೆರಗಿನಿಂದ ಕಣ್ಣು ಒರಸಿಕೊಂಡು ಹೇಳಿದ್ದೇನಂದರೆ: "ಅಯ್ಯನವರೇ, ಗಾಡಿ ನಿಮ್ಮ ಬಾಗಿಲಿಗೆ ಬಂತು, ನನ್ನ ಬಾಗಿಲಿಗೆ ಬರಲಿಲ್ಲ. ಹೊತ್ತು ಮೂಡುವಾಗ ಕಳೆ ಕೀಳುವದಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತೇನೆ. ಅದು ಹತ್ತಕ್ಕೆ ಬಂದು ಎರಡಕ್ಕೆ ಹೋಗುತ್ತದೆ. ಆವತ್ತಿನ ಕೂಲಿ ಬಿಟ್ಟರೆ ಹಿಟ್ಟಿಗೇನು ಮಾಡಲಿ?" ಹೀಗೆ ಹೇಳಿ ಗೂಡಿನಲ್ಲಿದ್ದ ಎರಡು ಸೀಸೆಗಳನ್ನು ತೋರಿಸಿದಳು. ಆಕೆಯು ಆ ಮೊದಲೇ ಎರಡು ಸಾರಿ ಪಟ್ಟಣಕ್ಕೆ ಹೋಗಿ, ಎರಡು ದಿನಗಳ ಕೂಲಿಯನ್ನು ಕಳಕೊಂಡು, ಎರಡು ಸೀಸೆ ಕೆಮ್ಮಿನ ಔಷಧವನ್ನು ತಂದಿದ್ದಳು. ಕಫವನ್ನು ಯಾರೂ ಪರೀಕ್ಷಿಸಿರಲಿಲ್ಲ. ಬರಿದಾದ ಒಂದು ಸೀಸೆಗೆ ಸೀಮೆಎಣ್ಣೆ ಹಾಕಿ ಬುಡ್ಡಿ ಮಾಡಿಕೊಂಡಿದ್ದಳು.

ನಮ್ಮ ಬಾಯಿ ಕಟ್ಟಿಹೋಯಿತು. ದೇವಾಲಯಕ್ಕೂ ಆ ಗುಡಿಸಲಿಗೂ ಎರಡು ಫರ್ಲಾಂಗು ದೂರ. ಗಾಡಿಯು ಇಪ್ಪತ್ತು ಮೈಲಿ ದಾಟಿ ಬಂದು ಇನ್ನು ಎರಡು ಫರ್ಲಾಂಗು ಉಳಿದಿರುವಾಗ ನಿಂತುಬಿಟ್ಟಿತ್ತು. ನಾವಾದರೋ ಬಂದವರನ್ನು ಎಣಿಸಿ ಹಿಗ್ಗಿದೆವೇ ಹೊರತು ಬಾರದವರನ್ನು ಎಣಿಸಲಿಲ್ಲ.

ಹಳ್ಳಿಯ ಜನರು ಅಜ್ಞಾನಿಗಳು, ರೋಗವನ್ನು ಲಕ್ಷಿಸುವದಿಲ್ಲ, ಔಷಧವನ್ನು ಕಾಲಬುಡದಲ್ಲಿ ತಂದಿಟ್ಟರೂ ಬಗ್ಗಿ ತೆಗೆದುಕೊಳ್ಳುವದಿಲ್ಲ ಎಂದು ಹೇಳುವವರು ಅನೇಕರಿದ್ದಾರೆ. ಆ ಸಾಯಂಕಾಲದ ವರೆಗೆ ನಾವೂ ಅವರಲ್ಲಿ ಒಬ್ಬರಾಗಿದ್ದೆವು. ಆದರೆ ಈ ಮಾತು ಸುಳ್ಳೆಂದು ನಮ್ಮ ಸೀಮೆಯಲ್ಲಿಯೇ ಎಂದೋ ತೋರಿಬಂದಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿದ್ದ ದೇಬಬರ ಬ್ಯಾನರ್ಜಿ ಎಂಬವರೂ ಸ್ಟಿಗ್ ಆಂಡರ್ಸನ್ ಎಂಬವರೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ವಿಚಾರಿಸಿ, ಕಂಡದ್ದನ್ನು 1963ರಲ್ಲಿ ಪ್ರಕಟಿಸಿದರು. ರೋಗಸ್ಥರಲ್ಲಿ ಬಹುಮಂದಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಎಂಬದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಯಾವದಾದರೊಂದು ವೈದ್ಯಶಾಲೆಗೆ ಹೋಗಿ ಬಂದಿದ್ದರು. ಅಲ್ಲಿ ಅವರ ರೋಗವನ್ನು ಗುರುತಿಸದೆ, ಕೆಮ್ಮಿನ ನೀರನ್ನು ಕೊಟ್ಟು ಕಳುಹಿಸಿದ್ದರು. ವಾಚಕರೇ, ನಮ್ಮ ವಿಧವೆಯ ಎರಡು ಸೀಸೆಗಳನ್ನು ನೋಡಿದ ಮೇಲೆ ಇದನ್ನು ಓದಿದಾಗ ನಮಗಾದ ನಾಚಿಕೆಯನ್ನು ಏನೆಂದು ಹೇಳೋಣ? ರೋಗಿಯು ತನ್ನ ಪಾಲಿನ ದೂರವನ್ನು ನಡೆದಿದ್ದನು. ಆತನನ್ನು ಎದುರುಗೊಳ್ಳತಕ್ಕವರು ತಮ್ಮ ಪಾಲನ್ನು ನಡೆಯಲಿಲ್ಲ.

ಇನ್ನು ಭಿಕ್ಷವೋ ಋಣವೋ ಎಂಬದನ್ನು ವಿಚಾರಿಸೋಣ. ದೂರವನ್ನು ದೇವರೇ ಮಾಡಿದನೆಂದು ಹೇಳುವದು ಸುಲಭ. ಬೆಟ್ಟವನ್ನೂ ಹೊಳೆಯನ್ನೂ ದೇವರು ಮಾಡಿದ್ದು ನಿಜವೇ. ಆದರೆ ಆಸ್ಪತ್ರೆಯನ್ನು ಎಲ್ಲಿ ಕಟ್ಟಬೇಕೆಂದು ಗೊತ್ತುಮಾಡಿದವರು ಮನುಷ್ಯರು. ನಮ್ಮ ದೇಶದ ಕ್ರಮದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನರಿಗೆ ಒಂದು, ಬೆಟ್ಟಗಾಡಿನಲ್ಲಿಯೂ ಬುಡಕಟ್ಟಿನವರ ಸೀಮೆಯಲ್ಲಿಯೂ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರತಕ್ಕದ್ದು. ಲೆಕ್ಕವು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮನೆಗಳು ಒತ್ತಾಗಿರುವಲ್ಲಿ ಅಷ್ಟು ಜನರು ಒಂದು ತಾಸಿನ ನಡಿಗೆಯೊಳಗೆ ಸಿಕ್ಕುತ್ತಾರೆ. ಮನೆಗಳು ಚದರಿರುವಲ್ಲಿ ಒಂದು ದಿವಸ ನಡೆದರೂ ಸಿಕ್ಕುವದಿಲ್ಲ. ಮತ್ತು ಬಡವನು ದೂರವನ್ನು ಮೈಲಿಯಿಂದ ಅಳೆಯುವದಿಲ್ಲ. ಬಸ್ಸಿನ ಚಾರ್ಜು ಎಷ್ಟು, ಕಳೆದ ಕೂಲಿ ಎಷ್ಟು, ಸಂಗಡ ಬಂದವನ ಊಟಕ್ಕೆಷ್ಟು, ಪರೀಕ್ಷೆಯ ಫಲವನ್ನು ತಿಳಿಯುವದಕ್ಕೆ ತಿರಿಗಿ ಹೋಗಬೇಕಾದರೆ ಎಷ್ಟು ಎಂದು ಅಳೆಯುತ್ತಾನೆ. ಒಡೆಯನಿಗೆ ಎಂಟು ಮೈಲಿ ಎಂಟು ಮೈಲಿಯೇ; ಕೂಲಿಯವನಿಗೆ ಅದು ಎರಡು ದಿನಗಳ ಅನ್ನ.

ಇದಲ್ಲದೆ ಪಟ್ಟಣದ ಆಸ್ಪತ್ರೆಯು ಯಾರ ಹಣದಿಂದ ನಿಂತಿದೆ? ಆ ವಿಧವೆಯು ಒಂದು ತುಂಡು ಸಾಬೂನನ್ನಾಗಲಿ ಒಂದು ಬೆಂಕಿಪೊಟ್ಟಣವನ್ನಾಗಲಿ ಕೊಂಡುಕೊಳ್ಳುವಾಗಲೆಲ್ಲಾ ಸರಕಾರಕ್ಕೆ ತೆರಿಗೆಯನ್ನು ಕೊಡುತ್ತಾಳೆ. ವೈದ್ಯನನ್ನು ಓದಿಸಿದ ಹಣದಲ್ಲಿ ಆಕೆಯ ಕಾಸೂ ಸೇರಿದೆ. ಆತನ ಬಟ್ಟಲಿನ ಅನ್ನವು ಆಕೆಯು ಕಳೆ ಕಿತ್ತ ಹೊಲದಿಂದ ಬಂದದ್ದು. ಹೀಗಿರಲಾಗಿ ಔಷಧವು ಆಕೆಯ ಬಳಿಗೆ ಬರುವದು ದಾನವೆಂದು ಹೇಗೆ ಹೇಳೋಣ? ಆಕೆಯದು ಆಕೆಗೆ ಸೇರುತ್ತದೆ, ಅಷ್ಟೇ. 1946ರಲ್ಲಿ ಸರ್ ಜೋಸೆಫ್ ಭೋರ್ ಎಂಬವರ ಸಮಿತಿಯು ಈ ದೇಶದ ಆರೋಗ್ಯದ ವಿಷಯವಾಗಿ ವರದಿಯನ್ನು ಬರೆದಾಗ, ಹಣವಿಲ್ಲವೆಂಬ ಕಾರಣದಿಂದ ಯಾರಿಗೂ ಚಿಕಿತ್ಸೆ ತಪ್ಪಬಾರದು, ಚಿಕಿತ್ಸೆಯು ಜನರಿಗೆ ಸಾಧ್ಯವಾದಷ್ಟು ಸಮೀಪದಲ್ಲಿರಬೇಕು ಎಂಬದನ್ನು ಮೂಲತತ್ವವಾಗಿ ಇಟ್ಟಿತು. ಆದಕಾರಣ ನಮ್ಮ ಉತ್ತರವು ಋಣವೆಂಬದೇ.

ಋಣವೆಂದು ತಿಳಿದು ನಡೆದವರ ದೃಷ್ಟಾಂತಗಳೂ ಉಂಟು. ಐಡಾ ಸ್ಕಡರ್ ಎಂಬ ಅಮ್ಮನವರು ಯೌವನದಲ್ಲಿ ತಿಂಡಿವನದಲ್ಲಿ ತಮ್ಮ ತಂದೆತಾಯಿಗಳ ಸಂಗಡ ಇದ್ದಾಗ, ಒಂದೇ ರಾತ್ರಿಯಲ್ಲಿ ಮೂವರು ಗಂಡಸರು ಒಬ್ಬೊಬ್ಬರಾಗಿ ಬಂದು, ಪ್ರಸವವೇದನೆಯಲ್ಲಿದ್ದ ತಮ್ಮ ಹೆಂಡತಿಯರಿಗೆ ಸಹಾಯ ಮಾಡಬೇಕೆಂದು ಬೇಡಿಕೊಂಡರು. ತಂದೆಯವರು ವೈದ್ಯರಾಗಿದ್ದರು; ಆದರೆ ಗಂಡಸು ತಮ್ಮ ಹೆಂಗಸರನ್ನು ಮುಟ್ಟಕೂಡದೆಂದು ಆ ಮೂವರೂ ಒಪ್ಪಲಿಲ್ಲ. ಮಗಳಾದರೋ ಆಗ ವೈದ್ಯವನ್ನು ಕಲಿತವಳಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತರು. ಇಲ್ಲಿ ಮೈಲಿಗಳ ದೂರವಿರಲಿಲ್ಲ, ಆಚಾರದ ದೂರವಿತ್ತು. ಅದನ್ನು ದಾಟುವದಕ್ಕೆ ಆಕೆಯು ಸಮುದ್ರವನ್ನು ದಾಟಿ ಹೋಗಿ, 1899ರಲ್ಲಿ ವೈದ್ಯಪರೀಕ್ಷೆಯನ್ನು ಮುಗಿಸಿ, 1900ರಲ್ಲಿ ವೆಲ್ಲೂರಿನಲ್ಲಿ ಒಂದೇ ಮಂಚದ ಚಿಕಿತ್ಸಾಲಯವನ್ನು ತೆರೆದರು. ಅದೇ ಇಂದಿನ ದೊಡ್ಡ ವೈದ್ಯಕೀಯ ಕಾಲೇಜಿನ ಮೂಲ. ಆದರೂ ಆಕೆಯು ಆಸ್ಪತ್ರೆಯೊಳಗೆ ಕೂತು ರೋಗಿಗಳನ್ನು ಕಾಯಲಿಲ್ಲ. ಗುಡಿಯಾತ್ತಮಿನ ದಾರಿಯಲ್ಲಿ ಗೊತ್ತಾದ ಮರಗಳ ಕೆಳಗೆ ಗೊತ್ತಾದ ದಿನದಲ್ಲಿ ಗಾಡಿ ನಿಲ್ಲಿಸಿ, ಕೂಡಿಬಂದವರ ಹುಣ್ಣುಗಳನ್ನು ತೊಳೆದು ಕಟ್ಟಿ, ಔಷಧ ಕೊಟ್ಟರು.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾಕ್ಟರ್ ಸುದರ್ಶನರು ಸೋಲಿಗರ ಮಧ್ಯದಲ್ಲಿ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. 1991ರಲ್ಲಿ ಆಸ್ಪತ್ರೆಯನ್ನೇ ರೈಲುಗಾಡಿಯಲ್ಲಿ ಹೂಡಿ ದೂರದ ನಿಲ್ದಾಣಗಳಿಗೆ ಕಳುಹಿಸುವ ಜೀವನರೇಖಾ ರೈಲು ಹೊರಟಿತು. ಅಸ್ಸಾಮಿನಲ್ಲಿ ಬ್ರಹ್ಮಪುತ್ರಾ ನದಿಯ ನಡುಗಡ್ಡೆಗಳು ಪ್ರವಾಹದಲ್ಲಿ ಕೊಚ್ಚಿಹೋಗುವದರಿಂದ, ಅಲ್ಲಿ ಕಟ್ಟಿದ ಮನೆ ನಿಲ್ಲುವದು ಕಷ್ಟ. ಆದಕಾರಣ 2005ರಿಂದ ದೋಣಿಯಲ್ಲಿ ವೈದ್ಯರೂ ದಾದಿಯರೂ ನಡುಗಡ್ಡೆಯಿಂದ ನಡುಗಡ್ಡೆಗೆ ಹೋಗುತ್ತಾ ಬಂದಿದ್ದಾರೆ. ಅವರವರ ಮತವೂ ಸೀಮೆಯೂ ಬೇರೆಯಾಗಿದ್ದರೂ ನಡುವಣ ದೂರವು ತಮ್ಮದೆಂದು ಇವರೆಲ್ಲರೂ ಎಣಿಸಿಕೊಂಡರು.

ಆದರೆ ಗಾಡಿಯನ್ನು ಹೊಗಳುವದರಲ್ಲಿಯೂ ಮಿತಿ ಇರತಕ್ಕದ್ದು. ಮಂಗಳವಾರ ಬಂದ ಗಾಡಿಯು ಗುರುವಾರದ ರಾತ್ರಿಯಲ್ಲಿ ಹೆರಿಗೆನೋವು ಬಂದವಳಿಗೆ ಏನು ಮಾಡೀತು? ಹಾವು ಕಚ್ಚಿದವನು ಮುಂದಿನ ತಿಂಗಳಿನ ವರೆಗೆ ಕಾದಾನೇ? ರಕ್ತದ ಒತ್ತಡವೂ ಸಕ್ಕರೆಯ ರೋಗವೂ ಇದ್ದವನು ದಿನದಿನವೂ ಗುಳಿಗೆ ನುಂಗಬೇಕಷ್ಟೆ. ಗಾಡಿಯಿದೆಯಲ್ಲಾ ಎಂದು ಹೇಳಿ ಊರಿಗೆ ಬೇಕಾದ ಆರೋಗ್ಯ ಕೇಂದ್ರವನ್ನು ಕಟ್ಟದೆ ಬಿಟ್ಟರೆ, ಒಳ್ಳೇದೇ ಕೇಡಿಗೆ ನೆವವಾಗುತ್ತದೆ. ಸಾಲಗಾರನು ಬಡ್ಡಿಯಲ್ಲಿ ಸ್ವಲ್ಪ ಕೊಟ್ಟು ಅಸಲು ತೀರಿತೆಂದು ಹೇಳಿದರೆ ನಾವು ಒಪ್ಪೇವೇ?

ದಾರಿಯಲ್ಲಿ ಗಾಯಪಟ್ಟು ಬಿದ್ದವನಿಗೆ ಉಪಕಾರ ಮಾಡಿದ ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಚಿಕ್ಕಂದಿನಿಂದ ಕೇಳಿದ್ದೇವೆ. ಅವನು ನಿಂತದ್ದನ್ನೂ ಕನಿಕರಪಟ್ಟದ್ದನ್ನೂ ಕುರಿತು ಎಷ್ಟೋ ಪ್ರಸಂಗಗಳನ್ನು ಮಾಡಿದ್ದೇವೆ. ಆದರೆ ಅವನೂ ಪ್ರಯಾಣಸ್ಥನೇ, ಗಾಡಿಯಂತೆ ಬಂದು ಹೋಗುವವನೇ ಎಂಬದನ್ನು ನಾವು ಸಾಕಷ್ಟು ಆಲೋಚಿಸಿಲ್ಲ. ಅವನು ಅಲ್ಲಿಯೇ ನಿಲ್ಲಲಾರದೆ ಹೋದನು. ಆದಕಾರಣ ಮೂರು ಕೆಲಸಗಳನ್ನು ಮಾಡಿದನು: ರೋಗಿಯನ್ನು ಸ್ಥಳದವನಾದ ಛತ್ರದವನ ಕೈಗೆ ಒಪ್ಪಿಸಿದನು, ಖರ್ಚನ್ನು ಕೊಟ್ಟನು, ತಿರಿಗಿ ಬರುವೆನೆಂದು ಮಾತು ಕೊಟ್ಟನು. ಬಂದು ಹೋಗುವ ಉಪಕಾರವು ಸಂಪೂರ್ಣವಾಗಬೇಕಾದರೆ ಈ ಮೂರೂ ಬೇಕು. ನಿಂತು ಗಾಯ ಕಟ್ಟಿ ಹೊರಟುಹೋಗುವವನಿಗೆ ಕನಿಕರವುಂಟು. ನಂಬಿಗಸ್ತಿಕೆ ಉಂಟೋ ಎಂಬದು ಮುಂದಿನ ತಿಂಗಳಿನ ಮಂಗಳವಾರದಲ್ಲಿ ತಿಳಿಯುತ್ತದೆ.

ನಮ್ಮ ವಿಧವೆಯ ಕಥೆಯಲ್ಲಿಯೂ ಹೀಗೆಯೇ ಆಯಿತು. ಮುಂದಿನ ಮಂಗಳವಾರ ಮುಂಜಾನೆ ಆಕೆಯ ಕಫವನ್ನು ಮುಚ್ಚಳದ ಡಬ್ಬಿಯಲ್ಲಿ ತೆಗೆದುಕೊಂಡು ನಾವೇ ಆ ಎರಡು ಫರ್ಲಾಂಗು ನಡೆದು ಗಾಡಿಯವರ ಕೈಗೆ ಕೊಟ್ಟೆವು. ಕ್ಷಯವೆಂದು ಗೊತ್ತಾಯಿತು. ಆರು ತಿಂಗಳು ತಪ್ಪದೆ ಔಷಧ ತೆಗೆದುಕೊಳ್ಳಬೇಕು. ನಡುವೆ ಬಿಟ್ಟರೆ ರೋಗವು ತಿರಿಗಿ ಬರುವದಲ್ಲದೆ ಆ ಔಷಧಕ್ಕೆ ಬಗ್ಗದ ಹಾಗೆ ಗಟ್ಟಿಯಾದೀತು ಎಂದು ವೈದ್ಯರು ತಿಳಿಸಿದರು. ಆ ಆರು ತಿಂಗಳಲ್ಲಿ ಗಾಡಿಯು ನಾಲ್ಕು ಸಾರಿ ಬಂತು. ಒಂದು ತಿಂಗಳು ಹಳ್ಳದ ಸೇತುವೆ ಒಡೆದುಹೋಯಿತು, ಇನ್ನೊಂದು ತಿಂಗಳು ಗಾಡಿ ಕೆಟ್ಟಿತು. ಸುಮಾರು 180 ದಿನಗಳಲ್ಲಿ ಗಾಡಿಯ ದಿನಗಳು ನಾಲ್ಕು! ಉಳಿದ ದಿನಗಳಲ್ಲಿ ಆಕೆಯನ್ನು ಉಳಿಸಿದವರು ಯಾರು? ಅದೇ ಕೇರಿಯ ಆಶಾ ಕಾರ್ಯಕರ್ತೆ. ಹೊತ್ತು ಮೂಡುವದಕ್ಕೆ ಮುಂಚೆ ಆಕೆಯು ಬಂದು, ವಿಧವೆಯು ಗುಳಿಗೆ ನುಂಗುವದನ್ನು ಕಣ್ಣಿನಿಂದ ನೋಡಿ, ಚೀಟಿಯಲ್ಲಿ ಗುರುತು ಹಾಕಿ ಹೋಗುತ್ತಿದ್ದಳು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಹಳ್ಳಿಗೆ ಗಾಡಿಯನ್ನೂ ಕೊಟ್ಟಿತು, ಆಶಾ ಎಂಬ ನೆರೆಯವಳನ್ನೂ ಕೊಟ್ಟಿತು. ಒಂದು ಇನ್ನೊಂದಿಲ್ಲದೆ ಸಾಲದು. ಮದ್ರಾಸಿನಲ್ಲಿ ನಡೆದು 1959ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯು ಇದನ್ನು ಮುಂಚೆಯೇ ತೋರಿಸಿತ್ತು. ಕ್ಷಯದ ಆಸ್ಪತ್ರೆಯಲ್ಲಿ ಒಳ್ಳೇ ಆಹಾರವನ್ನೂ ವಿಶ್ರಾಂತಿಯನ್ನೂ ಹೊಂದಿದವರಷ್ಟೇ, ಪಟ್ಟಣದ ಇಕ್ಕಟ್ಟಾದ ಬಡಮನೆಗಳಲ್ಲಿದ್ದ ರೋಗಿಗಳೂ ಗುಣಹೊಂದಿದರು. ಯಾಕಂದರೆ ಔಷಧವು ತಪ್ಪದೆ ಅವರಿಗೆ ಮುಟ್ಟಿತು, ವಿಚಾರಿಸುವವರು ಮನೆಗೆ ಬಂದರು.

ಈಗ ನಾವು ಮರೆಮಾಡಬಾರದ ಒಂದು ಮಾತು ಉಳಿದಿದೆ. ಆ ವಿಧವೆಯು ಯಾರ ಹೊಲದಲ್ಲಿ ಕಳೆ ಕೀಳುತ್ತಿದ್ದಳು? ಆ ಹೊಲದ ಯಜಮಾನನು ನಮ್ಮ ಸಭೆಯವನೇ. ಭಾನುವಾರ ಮೊದಲಿನ ಸಾಲಿನಲ್ಲಿ ಕೂಡ್ರುವವನೇ. ಗಾಡಿಯು ಬಂದಾಗ ಮೊದಲು ಬಂದು ತನ್ನ ರಕ್ತದ ಒತ್ತಡವನ್ನು ಅಳೆಯಿಸಿಕೊಂಡವನೂ ಅವನೇ. ಅವನು ಕ್ರೂರನಲ್ಲ, ಆ ಹೆಂಗಸಿಗೆ ರೋಗವಿದೆಯೆಂದು ಆಲೋಚಿಸಿರಲಿಲ್ಲ, ಅಷ್ಟೇ. ನಾವು ಅವನ ಬಳಿಗೆ ಹೋಗಿ, "ಅಣ್ಣಾ, ಗಾಡಿ ಬರುವ ದಿನ ಆಳುಗಳನ್ನು ಎರಡು ತಾಸು ಬಿಟ್ಟುಕೊಟ್ಟು ಕೂಲಿಯನ್ನು ಮುರಿಯದೆ ಇದ್ದರೆ ನಿನಗೆ ಎಷ್ಟು ನಷ್ಟ?" ಎಂದು ಕೇಳಿದೆವು. ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ, "ಇದನ್ನು ಇಷ್ಟು ದಿನ ಯಾಕೆ ಕೇಳಲಿಲ್ಲ, ಉಪದೇಶಿಗಳೇ?" ಅಂದನು. ಈ ಮಾತಿಗೂ ನಮ್ಮಲ್ಲಿ ಉತ್ತರವಿರಲಿಲ್ಲ.

ಪ್ರಿಯ ಸಹೋದರ ಸಹೋದರಿಯರೇ, ಇಪ್ಪತ್ತು ಮೈಲಿಯ ಋಣವು ಸರಕಾರದ್ದೂ ವೈದ್ಯರದ್ದೂ ಆಗಿರಬಹುದು. ಅದನ್ನು ಕೇಳುವದಕ್ಕೆ ನಮಗೆ ಹಕ್ಕುಂಟು, ಗಾಡಿಯು ದಿನ ತಪ್ಪಿದರೆ ಧೈರ್ಯವಾಗಿ ಬರೆದು ಕೇಳೋಣ. ಆದರೆ ಕಡೆಯ ಎರಡು ಫರ್ಲಾಂಗಿನ ಋಣವು ನಮ್ಮದು. ಹೊಲವುಳ್ಳವರು ಗಾಡಿಯ ದಿನದಲ್ಲಿ ಆಳುಗಳ ಕೂಲಿಯನ್ನು ಮುರಿಯದಿರಲಿ. ಬಲವುಳ್ಳ ಯೌವನಸ್ಥರು ಹಾಸಿಗೆ ಹಿಡಿದವರನ್ನು ಎತ್ತಿಕೊಂಡು ಬರಲಿ. ಹೆಂಗಸರು ನೆರೆಯವಳ ಮಗುವನ್ನು ಎರಡು ತಾಸು ನೋಡಿಕೊಳ್ಳಲಿ. ಸಭೆಯ ಹಿರಿಯರು ಬಂದವರನ್ನು ಎಣಿಸುವದನ್ನು ಬಿಟ್ಟು ಬಾರದವರ ಹೆಸರುಗಳನ್ನು ಬರೆದುಕೊಂಡು, ಆ ಸಾಯಂಕಾಲವೇ ಅವರ ಮನೆಗಳಿಗೆ ಹೋಗಲಿ. ಆದರೆ ನಾವು ಹೋದ ಹಾಗೆ ಗದರಿಸುವದಕ್ಕಲ್ಲ, ಕೇಳುವದಕ್ಕೆ.

ಆ ವಿಧವೆಯು ಗುಣಹೊಂದಿ ಈಗಲೂ ಕೆಲಸಕ್ಕೆ ಹೋಗುತ್ತಾಳೆ. ಎರಡನೆಯ ಮಂಗಳವಾರದಲ್ಲಿ ಹತ್ತೂವರೆ ತಾಸಿಗೆ ಹೊಲದಿಂದ ಏಳೆಂಟು ಮಂದಿ ಹೆಂಗಸರು ಕೈಯ ಮಣ್ಣನ್ನು ಕೊಡವಿಕೊಳ್ಳುತ್ತಾ ದೇವಾಲಯದ ಅಂಗಳಕ್ಕೆ ಬರುವರು. ಆಕೆಯು ಅವರೆಲ್ಲರಿಗಿಂತ ಮುಂದೆ ನಡೆಯುವಳು.